ಸುಂಕ ಮತ್ತು ಸಮ್ಮತಿ

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಸೋಜಿಗವೆಂದರೆ, ಆ ವರ್ಷದ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪೆನಿಯ ಚಹಾ ಅಗ್ಗವಾಗಿತ್ತು. ಉಳಿದಿದ್ದ ಸುಂಕ ಪೌಂಡಿಗೆ ಮೂರು ಪೆನ್ಸ್. ಹಾಗಾದರೆ ಇಷ್ಟೊಂದು ಆಕ್ರೋಶವೇಕೆ?

1763ರಲ್ಲಿ ಫ್ರಾನ್ಸಿನೊಂದಿಗಿನ ಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಅಮೆರಿಕದ ವಸಾಹತುಗಳ ರಕ್ಷಣೆಯ ಖರ್ಚಿನಲ್ಲಿ ಅಲ್ಲಿನವರೂ ಪಾಲು ಕೊಡಲಿ ಎಂಬ ಅದರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ತಮ್ಮ ಪ್ರತಿನಿಧಿಯೇ ಇಲ್ಲದ ಪಾರ್ಲಿಮೆಂಟು ತಮ್ಮ ಜೇಬಿಗೆ ಕೈಹಾಕುವುದನ್ನು ವಸಾಹತಿನವರು ಒಪ್ಪಲಿಲ್ಲ. ಪ್ರಶ್ನೆ ಕೇವಲ ಹಣದ್ದಲ್ಲ, ಸಮ್ಮತಿಯದ್ದು.

ಈ ನ್ಯಾಯ ಎಲ್ಲರಿಗೂ ಅನ್ವಯಿಸಿತೇ? 1780ರಲ್ಲಿ ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮತ್‌ನ ಜಾನ್ ಮತ್ತು ಪಾಲ್ ಕಫಿ ಸಹೋದರರು ಇನ್ನೂ ಕೆಲವು ಸ್ವತಂತ್ರ ಕರಿಯರ ಜೊತೆಗೂಡಿ ಅಲ್ಲಿನ ಶಾಸಕಾಂಗಕ್ಕೆ ಅರ್ಜಿ ಸಲ್ಲಿಸಿದರು. ಮತದ ಹಕ್ಕೇ ಇಲ್ಲದ ತಮ್ಮಿಂದ ತೆರಿಗೆ ವಸೂಲಿ ಮಾಡುವುದೇಕೆಂಬುದು ಅವರ ಅಳಲು. ಲಂಡನ್ನಿಗೆ ಕೇಳಿದ್ದ ಪ್ರಶ್ನೆ ಕೇಳಿದವರ ಬಾಗಿಲಿಗೇ ಬಂದು ನಿಂತಿತ್ತು. ಇನ್ನು, ದುಡಿದುದೆಲ್ಲವನ್ನೂ ಒಡೆಯನಿಗೊಪ್ಪಿಸುತ್ತಿದ್ದ ಲಕ್ಷಾಂತರ ಗುಲಾಮರ ಸಮ್ಮತಿಯನ್ನು ಕೇಳಿದವರಾರು?

ತನಗಾದ ಅನ್ಯಾಯದ ವಿರುದ್ಧ ಯಾರಾದರೂ ದನಿಯೆತ್ತಬಲ್ಲರು. ಅದೇ ಅಳತೆಗೋಲನ್ನು ತನ್ನ ಕೈಕೆಳಗಿರುವವರ ವಿಷಯದಲ್ಲೂ ಬಳಸಿದಾಗ ಮಾತ್ರ ಅದು ನ್ಯಾಯಪರತೆ ಎನಿಸುತ್ತದೆ.