ಹಡ್ಸನ್ ನದಿಯೂ ಬಜ್ಪೆಯ ಬೆಟ್ಟವೂ



2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಮೇಲೇರಿದ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನುಗಳು ಶಕ್ತಿ ಕಳೆದುಕೊಂಡವು. ವಿಮಾನ ಇನ್ನೂ ಮೂರು ಸಾವಿರ ಅಡಿ ಎತ್ತರವನ್ನೂ ಮುಟ್ಟಿರಲಿಲ್ಲ. ಒಳಗೆ 155 ಮಂದಿ. ನಿಲ್ದಾಣಕ್ಕೆ ಮರಳುವುದು ಆಗದ ಮಾತೆಂದು ಕಂಡ ಕ್ಯಾಪ್ಟನ್ ಸಲನ್‌ಬರ್ಗರ್, ಹಡ್ಸನ್ ನದಿಯ ನೀರಿನ ಮೇಲೆಯೇ ವಿಮಾನವನ್ನು ಇಳಿಸಿದರು. ಹಕ್ಕಿ ಬಡಿದ ಮೇಲೆ ಸಿಕ್ಕಿದ ಸಮಯ 208 ಸೆಕೆಂಡು. ಜಪಸರದ ಹತ್ತು ಮಣಿ ಉರುಳುವಷ್ಟು ಹೊತ್ತು. ಎಲ್ಲರೂ ಬದುಕಿದರು.

ಜಗತ್ತು ಅದನ್ನು ಪವಾಡವೆಂದು ಕರೆಯಿತು. ನಾವೂ ಹಾಗೆಯೇ ಹೇಳಿದೆವು. ಆದರೆ ಮರುವರ್ಷ, 2010ರ ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅಲ್ಲಿ ಎಂಜಿನ್ ಕೆಟ್ಟಿರಲಿಲ್ಲ, ಆದರೂ 158 ಮಂದಿ ತೀರಿಕೊಂಡರು. ಉಳಿದವರು ಎಂಟೇ ಜನ. ದೇವರು ಅಲ್ಲಿ ಕೈಹಿಡಿದು ಇಲ್ಲಿ ಕೈಬಿಟ್ಟರೇ? ಆ ಮನೆಗಳ ತಾಯಂದಿರು ಕಡಿಮೆ ಪ್ರಾರ್ಥಿಸಿದ್ದರೇ?

ಈ ಪ್ರಶ್ನೆ ಹಳೆಯದು. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಜೆರುಸಲೇಮಿನ ಉಳಿದವರಿಗಿಂತ ಪಾಪಿಗಳೋ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲವೆಂದು ತಾವೇ ಉತ್ತರಿಸಿದರು. ಸತ್ತವರ ಲೆಕ್ಕ ಬಿಟ್ಟು ನೀವು ದೇವರ ಕಡೆಗೆ ತಿರುಗಿರಿ ಎಂದರು. ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯವನ್ನು ಇಂದು ಮನೆಯಲ್ಲಿ ಓದಿ ನೋಡಿ. ಸಾವಿನ ಮನೆಗೆ ಹೋದಾಗ, "ನಮ್ಮನ್ನು ದೇವರು ಕಾಪಾಡಿದರು" ಎಂಬ ಮಾತು ನಾಲಿಗೆಗೆ ಬಂದರೆ ತಡೆದುಕೊಳ್ಳಿ. ಅದು ಕೇಳುವವರ ಗಾಯಕ್ಕೆ ಉಪ್ಪು.

ಹಾಗಾದರೆ ಹಡ್ಸನ್ನಿನಲ್ಲಿ ಉಳಿದವರು ದೇವರಿಗೆ ವಂದನೆ ಹೇಳಬಾರದೇ? ಖಂಡಿತ ಹೇಳಬೇಕು. ಆದರೆ ಆ ಕೃಪೆ ಬಂದ ದಾರಿ ನೋಡಿ. ಕ್ಯಾಪ್ಟನ್‌ಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಗಂಟೆಗಳ ಹಾರಾಟದ ಅನುಭವ. ಪಕ್ಕದಲ್ಲಿ ಕೂತ ಜೆಫ್ರಿ ಸ್ಕೈಲ್ಸ್, ಎಂಜಿನ್ ಮತ್ತೆ ಹೊತ್ತಿಸುವ ಕ್ರಮವನ್ನು ಒಂದೊಂದಾಗಿ ಅನುಸರಿಸುತ್ತಲೇ ಇದ್ದರು. ತಲೆ ತಗ್ಗಿಸಿರೆಂದು ಕೂಗಿ ಹೇಳುತ್ತಿದ್ದ ಗಗನಸಖಿಯರು ಮೂವರು. ಮೊದಲ ದೋಣಿ ತಲುಪಿದ್ದು ಸುಮಾರು ನಾಲ್ಕು ನಿಮಿಷದಲ್ಲಿ. ನಡೆಸುತ್ತಿದ್ದವರು ದಿನವೂ ಜನರನ್ನು ನದಿ ದಾಟಿಸುವ ಕೆಲಸದವರು.

ಕ್ಯಾಪ್ಟನ್ ಮಾತ್ರ ಕೂಡಲೇ ಹೊರಬರಲಿಲ್ಲ. ನೀರು ತುಂಬುತ್ತಿದ್ದ ವಿಮಾನದೊಳಗೆ, ಯಾರಾದರೂ ಉಳಿದಿದ್ದಾರೆಯೇ ಎಂದು ಎರಡು ಬಾರಿ ನಡೆದು ನೋಡಿ, ಕೊನೆಯವರಾಗಿ ಇಳಿದರು. ದಡ ಸೇರಿದ ಮೇಲೂ ಸಮಾಧಾನವಿಲ್ಲ, ಮಂದೆ ಎಣಿಸುವ ಕುರುಬನ ಹಾಗೆ ಲೆಕ್ಕ ಕೇಳುತ್ತಲೇ ಇದ್ದರು. 155 ಎಂದು ಖಚಿತವಾಗಲು ಗಂಟೆಗಳೇ ಹಿಡಿದವು.