ಆ ಜಿಂಕೆಯ ಭಯ ಯಾರದು?

ತತ್ವಜ್ಞಾನಿ ಇಬ್ನ್ ಸೀನಾ ಹರೆಯದಲ್ಲಿ ಅರಿಸ್ಟಾಟಲನ 'ಮೆಟಾಫಿಸಿಕ್ಸ್' ಗ್ರಂಥವನ್ನು ನಲವತ್ತು ಸಲ ಓದಿದ್ದನಂತೆ. ಬಾಯಿಪಾಠವಾಯಿತು, ಅರ್ಥ ಮಾತ್ರ ಆಗಲಿಲ್ಲ. ಇದು ತಿಳಿಯುವ ಪುಸ್ತಕವೇ ಅಲ್ಲ ಎಂದು ಕೈಬಿಟ್ಟ. ಒಂದು ಮಧ್ಯಾಹ್ನ ಬುಖಾರಾದ ಪುಸ್ತಕದ ಪೇಟೆಯಲ್ಲಿ ದಲ್ಲಾಳಿಯೊಬ್ಬ ಒಂದು ಹೊತ್ತಗೆ ಹಿಡಿದು ಕೂಗುತ್ತಿದ್ದ. ಬೇಡವೆಂದರೂ ಬಿಡಲಿಲ್ಲ. ಮಾರುವವನಿಗೆ ದುಡ್ಡಿನ ಅಡಚಣೆ, ಮೂರು ದಿರ್ಹಮಿಗೆ ಕೊಡುತ್ತೇನೆ ಎಂದು ದುಂಬಾಲು ಬಿದ್ದ. ಕೊಂಡು ನೋಡಿದರೆ ಅದು ಅರಿಸ್ಟಾಟಲನ ಆ ಗ್ರಂಥದ ಉದ್ದೇಶವೇನೆಂದು ಅಲ್-ಫಾರಾಬಿ ಬರೆದ ಪುಸ್ತಕ. ಮನೆಗೆ ಹೋಗಿ ಓದಿದ್ದೇ ತಡ, ನಲವತ್ತು ಸಲದ ಓದು ಒಮ್ಮೆಗೇ ತೆರೆದುಕೊಂಡಿತು. ಮರುದಿನ ಅವನು ಬಡವರಿಗೆ ದಾನ ಮಾಡಿದ. ಇದನ್ನೆಲ್ಲ ಆತ್ಮಕಥನದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ದಿರ್ಹಮಿನ ಊರಲ್ಲಿ ಕೂತು ಕನ್ನಡದಲ್ಲಿ ಕತೆ ಬರೆಯುವ ನನಗೆ ಈ ಪ್ರಸಂಗ ತುಂಬ ಇಷ್ಟ. ಸರಿಯಾದ ಪುಸ್ತಕ ಹುಡುಕಿ ಆರಿಸಿದ್ದಲ್ಲ, ಬೇಡವೆಂದ ಮೇಲೂ ಬಂದದ್ದು. ಇಲ್ಲಿ ಪುಸ್ತಕಗಳಿಗೇನೂ ಬರವಿಲ್ಲ. ಶಾರ್ಜಾದ ಪುಸ್ತಕ ಮೇಳ 1982ರಿಂದ ನಡೆಯುತ್ತಿದೆ. ದುಬೈ ಖೋರಿನ ದಡದಲ್ಲಿ, ಅಲ್ ಜದ್ದಾಫಿನಲ್ಲಿ, ಗ್ರಂಥ ತೆರೆದಿಡುವ ವ್ಯಾಸಪೀಠದ ಆಕಾರದಲ್ಲೇ ಕಟ್ಟಿದ ಮೊಹಮ್ಮದ್ ಬಿನ್ ರಾಶಿದ್ ಗ್ರಂಥಾಲಯ 2022ರಲ್ಲಿ ತೆರೆಯಿತು. ಆದರೆ ಕನ್ನಡದ ಪುಸ್ತಕ ಬೇಕೆಂದರೆ ಹೆಚ್ಚಾಗಿ ರಜೆಗೆ ಹೋದವರ ಲಗೇಜಿನಲ್ಲೇ ಬರಬೇಕು. ಅಮ್ಮ ಕಟ್ಟಿಕೊಟ್ಟ ಹಪ್ಪಳ, ಉಪ್ಪಿನಕಾಯಿ, ಕುಚಲಕ್ಕಿ ತೂಗಿ ಮುಗಿದ ಮೇಲೆ ಉಳಿಯುವ ಜಾಗ ಎರಡೋ ಮೂರೋ ಪುಸ್ತಕದ್ದು. ಹಾಗಾಗಿ ಯಾವುದನ್ನು ತರುವುದು ಎಂಬ ಪ್ರಶ್ನೆ ನಮಗೆ ಊರಲ್ಲಿ ಇರುವವರಿಗಿಂತ ಹೆಚ್ಚು ಭಾರ.

ಏನು ಓದಲಿ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: "ನಮ್ಮ ಕಡೆಯದ್ದು ಏನಾದರೂ ಕೊಡಿ." ಮಂಗಳೂರಿನವರಿಗೆ ಕರಾವಳಿ ಬೇಕು, ಹುಬ್ಬಳ್ಳಿಯವರಿಗೆ ಜೋಳದ ಹೊಲ ಬೇಕು, ಗಲ್ಫಿನಲ್ಲಿ ಬಹಳ ವರ್ಷ ಕಳೆದವರಿಗೆ ಗಲ್ಫಿನ ಕತೆ ಬೇಕು. ನಮ್ಮದು ಎನಿಸಿದರೆ ಮನಸ್ಸಿಗೆ ಹಿಡಿಸುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಕೂತು ಈ ನಂಬಿಕೆಯನ್ನು ಬುಡಸಮೇತ ಪರೀಕ್ಷಿಸಿದವನು ಅಭಿನವಗುಪ್ತ. ಅವನ ಉತ್ತರದ ಹೆಸರು ಸಾಧಾರಣೀಕರಣ, ಅಂದರೆ ಭಾವ ಒಬ್ಬರದಾಗಿ ಉಳಿಯದೆ ಎಲ್ಲರದಾಗುವುದು.

ಈ ವಿಚಾರವನ್ನು ಮೊದಲು ಬೆಳೆಸಿದವನು ಭಟ್ಟನಾಯಕ. ಅವನ ಗ್ರಂಥ ಕಳೆದುಹೋಗಿದೆ. ಅಭಿನವಗುಪ್ತ ಮತ್ತು ಇತರರು ಎತ್ತಿಕೊಂಡು ಚರ್ಚಿಸಿದ ಭಾಗಗಳಿಂದಷ್ಟೇ ಅವನು ನಮಗೆ ಗೊತ್ತು. ಕನ್ನಡದಲ್ಲಿ ಇದನ್ನು ತಿಳಿಯಬೇಕೆನ್ನುವವರಿಗೆ 1953ರಲ್ಲಿ ಬಂದ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಇಂದಿಗೂ ಮೊದಲ ಬಾಗಿಲು. ನನ್ನ ಪಾಲಿಗೆ ಅದೇ ಆ ಮೂರು ದಿರ್ಹಮಿನ ಪುಸ್ತಕ.

ಭರತನ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅಭಿನವಗುಪ್ತ ಕೊಡುವ ಉದಾಹರಣೆ ಕಾಳಿದಾಸನ ಶಾಕುಂತಲದ ಮೊದಲ ಅಂಕದ್ದು. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಓಡುತ್ತಿದೆ. ಕತ್ತು ತಿರುಗಿಸಿ ಮತ್ತೆಮತ್ತೆ ಹಿಂದೆ ನೋಡುತ್ತದೆ. ಬಾಣ ನಾಟೀತೆಂದು ಹಿಂಬದಿಯನ್ನು ಮುಂದಕ್ಕೆ ಕುಗ್ಗಿಸಿಕೊಂಡಿದೆ. ಏದುಸಿರಿಗೆ ತೆರೆದ ಬಾಯಿಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಇದನ್ನು ಕೇಳಿದವನ ಮನಸ್ಸಿನಲ್ಲಿ ಭಯ ಮೂಡುತ್ತದೆ. ಯಾರ ಭಯ ಅದು?

ನನ್ನದೆಂದರೆ ನಾನು ಎದ್ದು ಓಡಬೇಕಿತ್ತು. ಜಿಂಕೆಯದೆಂದರೆ ನನಗೇನು? ಅಯ್ಯೋ ಅನ್ನಬಹುದು, ಸುಮ್ಮನಿರಬಹುದು, ಬೇಟೆಯ ಚಪಲದವನಾದರೆ ಖುಷಿಪಡಲೂಬಹುದು. ಆದರೆ ಓದುವಾಗ ಇವು ಯಾವುವೂ ಆಗುವುದಿಲ್ಲ. ಆ ಜಿಂಕೆ ಇಂಥದ್ದೇ ಎಂಬ ಗುರುತು ಕಳಚುತ್ತದೆ. ಹೆದರಿಸುವವನು ನಿಜದಲ್ಲಿ ಇಲ್ಲ ಎಂಬ ಅರಿವೂ ಇದೆ. ಉಳಿಯುವುದು ಭಯವೊಂದೇ. ಅದಕ್ಕೆ ಊರಿಲ್ಲ, ದಿನಾಂಕವಿಲ್ಲ, ಒಡೆಯನಿಲ್ಲ. ನಾನು ಹೆದರಿದ್ದೇನೆ, ಅವನು ಹೆದರಿದ್ದಾನೆ, ನನ್ನ ಶತ್ರು ಹೆದರಿದ್ದಾನೆ ಎಂಬ ಲೆಕ್ಕಾಚಾರಗಳೆಲ್ಲ ಬಿದ್ದುಹೋದ ಆ ಭಯ ಎದೆಯೊಳಕ್ಕೇ ಇಳಿದಂತೆ, ಕಣ್ಣೆದುರು ಸುಳಿದಂತೆ ಸವಿಯಾಗುತ್ತದೆ. ಬದುಕಿನಲ್ಲಿ ನಾವು ದೂರವಿಡುವ ಭಯ, ದುಃಖ ಓದಿನಲ್ಲಿ ಏಕೆ ಬೇಕೆನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಈ ಸ್ಥಿತಿಗೆ ಅಡ್ಡಬರುವ ಏಳು ವಿಘ್ನಗಳನ್ನೂ ಅವನು ಪಟ್ಟಿ ಮಾಡುತ್ತಾನೆ. ಕತೆಗಾರ ಏಳನ್ನೂ ಕಲಿಯಬೇಕು; ಓದುಗನಿಗೆ ಎರಡು ಮೂರು ಸಾಕು.

ಅವುಗಳಲ್ಲಿ ಒಂದು, ಕತೆಯ ಭಾವವನ್ನು 'ಇದು ನನ್ನದೇ' ಎಂದು ಹಿಡಿದುಕೊಳ್ಳುವುದು. ಹಾಗೆ ಹಿಡಿದೊಡನೆ ಬೇರೆ ಯೋಚನೆಗಳು ನುಗ್ಗುತ್ತವೆ ಎನ್ನುತ್ತಾನೆ. ಈ ಸುಖ ಹೋಗಿಬಿಟ್ಟರೆ ಎಂಬ ಅಂಜಿಕೆ, ಕಾಪಾಡಿಕೊಳ್ಳುವ ತವಕ, ಇಂಥದ್ದೇ ಇನ್ನಷ್ಟು ಸಂಪಾದಿಸುವ ಆಸೆ. ದುಃಖವಾದರೆ ತೊಲಗಿಸುವ ಆತುರ, ನಾಲ್ಕು ಜನರಿಗೆ ಸಾರುವ ಬಯಕೆ, ಇಲ್ಲವೇ ಮುಚ್ಚಿಡುವ ಬಯಕೆ. ಪರದೇಶದಲ್ಲಿ ಊರಿನ ಕತೆ ಓದುವಾಗ ನಮ್ಮೊಳಗೆ ನಡೆಯುವುದನ್ನು ಇಷ್ಟು ಕರಾರುವಾಕ್ಕಾಗಿ ಅವನು ಬರೆದಿಟ್ಟದ್ದು ನೋಡಿ ನನಗೆ ಬೆರಗಾಗಿದೆ. ಮಳೆಗಾಲದ ವರ್ಣನೆ ಬಂದೊಡನೆ ನಾವು ಪುಸ್ತಕ ಮಡಚಿ ಮನೆಗೆ ಫೋನ್ ಮಾಡುತ್ತೇವೆ. ಕತೆಯೊಳಗಿನ ಹುಡುಗಿ ಆ ಮಳೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ. ಅವಳನ್ನು ನೋಡಲು ನಮಗೆ ಪುರುಸೊತ್ತಿಲ್ಲ. ಊರಿನ ಹಂಬಲ ದೊಡ್ಡದು, ನನಗೂ ಇದೆ. ಆದರೆ ಹಂಬಲವೇ ಒಂದು ಪುಸ್ತಕವನ್ನು ಆರಿಸಿದರೆ ಆ ಪುಸ್ತಕಕ್ಕೆ ಮಾತಾಡುವ ಅವಕಾಶ ಸಿಗುವುದಿಲ್ಲ.

ಇನ್ನೊಂದು ವಿಘ್ನ, ಸ್ವಂತ ಸುಖದುಃಖದ ಹಿಡಿತ. ಡ್ಯೂಟಿ ಮುಗಿಸಿ ಬೆಡ್‌ಸ್ಪೇಸಿನ ಮೇಲಿನ ಮಂಚ ಹತ್ತಿ ಮಲಗಿದವನ ತಲೆಯಲ್ಲಿ ವೀಸಾ ರಿನ್ಯೂವಲ್ ಇದೆ, ತಂಗಿಯ ಮದುವೆ ಇದೆ. ಅವನ ಮನಸ್ಸು ಮತ್ತೊಂದರ ಮೇಲೆ ಹೇಗೆ ನಿಂತೀತು? ನಾಟಕದಲ್ಲಿ ಇದಕ್ಕೆಂದೇ ಹಾಡು, ವಾದ್ಯ, ಅಲಂಕರಿಸಿದ ರಂಗಮಂಟಪ ಇರುವುದು ಎನ್ನುತ್ತಾನೆ ಅಭಿನವಗುಪ್ತ. ಗದ್ಯ ಬರೆಯುವವರಿಗೆ ಚೆಂಡೆ ಮದ್ದಳೆ ಇಲ್ಲ, ವಾಕ್ಯದ ಲಯ ಮಾತ್ರ ಇದೆ. ಹಾಗಾಗಿ ನಾನು ಮೊದಲ ಪುಟಕ್ಕೆ ಕಷ್ಟಪಡುವಷ್ಟು ಕೊನೆಯ ಪುಟಕ್ಕೂ ಕಷ್ಟಪಡುವುದಿಲ್ಲ. ದಣಿದವನನ್ನು ಒಳಗೆ ಕರೆದುಕೊಳ್ಳುವ ಹೊಣೆ ಆ ಪುಟದ್ದು.

ಮತ್ತೊಂದು, ಇದು ಹೇಗೆ ಸಾಧ್ಯ ಎಂಬ ಅಪನಂಬಿಕೆ. ಇದಕ್ಕೆ ಅಬುಧಾಬಿಯದೇ ಉದಾಹರಣೆ ಇದೆ. ಅಲ್ಲಿ ಬೆಳೆದ ದೀಪಕ್ ಉಣ್ಣಿಕೃಷ್ಣನ್ ಅವರ 'ಟೆಂಪರರಿ ಪೀಪಲ್' 2017ರಲ್ಲಿ ಬಂತು. ಅದರ ಒಂದು ಕತೆಯಲ್ಲಿ ಅನ್ನಾ ವರ್ಗೀಸ್ ಎಂಬ ಹೆಂಗಸಿನ ಕೆಲಸ, ಕಟ್ಟುತ್ತಿರುವ ಕಟ್ಟಡಗಳಿಂದ ಬಿದ್ದ ಕಾರ್ಮಿಕರನ್ನು ರಾತ್ರಿ ಹುಡುಕಿ ಅಂಟಿಸಿ ಜೋಡಿಸುವುದು. ಅಸಾಧ್ಯದ ಮಾತು. ಆದರೂ ಓದುವಾಗ ಅಪನಂಬಿಕೆ ಏಳುವುದಿಲ್ಲ, ಏಕೆಂದರೆ ಆಕೆ ಅದನ್ನು ಬೇಸರವಿಲ್ಲದ ಒಬ್ಬ ನರ್ಸಿನಂತೆ, ದಿನದ ಉದ್ಯೋಗವಾಗಿ ಮಾಡುತ್ತಾಳೆ. ನನ್ನನ್ನು ತಟ್ಟಿದ್ದು ಮಲಯಾಳಿ ಕೂಲಿಯ ದುಃಖವೂ ಅಲ್ಲ, ಅಬುಧಾಬಿಯ ದುಃಖವೂ ಅಲ್ಲ. ಬಿದ್ದವನ ಪಕ್ಕ ಒಬ್ಬರಾದರೂ ಬಂದು ಕೂರಲಿ ಎಂಬ ಆಸೆ. ಆ ಆಸೆಗೆ ಪಾಸ್‌ಪೋರ್ಟ್ ಇರಲಿಲ್ಲ.

ಬೆನ್ಯಾಮಿನ್ ಅವರ 'ಆಡುಜೀವಿತಂ' ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತೊಡಕಿದೆ. 2008ರ ಆ ಕಾದಂಬರಿಯ ನಜೀಬನ ಹಿಂದೆ ಸೌದಿಯ ಮರುಭೂಮಿಯಲ್ಲಿ ನಿಜಕ್ಕೂ ನರಳಿದ ಒಬ್ಬ ಮನುಷ್ಯ ಇದ್ದಾರೆ. ಹಾಗಾಗಿ ಗಲ್ಫಿನಲ್ಲಿ ಅದನ್ನು ಓದಿದವರ ಮೊದಲ ಪ್ರಶ್ನೆ, ಇದರಲ್ಲಿ ಎಷ್ಟು ನಿಜ? ಪ್ರಶ್ನೆ ಸಹಜ, ಆ ಮನುಷ್ಯನ ನೋವಿಗೆ ಸಲ್ಲಬೇಕಾದ ಗೌರವವೂ ಹೌದು. ಆದರೆ ಆಡುಗಳ ನಡುವೆ ನಜೀಬ ತಾನೂ ಒಂದು ಆಡಾಗುತ್ತ ಹೋಗುವ ಪುಟಗಳಲ್ಲಿ ಈ ಪ್ರಶ್ನೆ ತಾನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನದು ಕಾದಂಬರಿ.

ಬರೆಯುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಎಲ್ಲರಿಗೂ ಸಲ್ಲಬೇಕೆಂದು ವಿವರಗಳನ್ನು ಮಸುಕು ಮಾಡಿದರೆ ಸಾಧಾರಣೀಕರಣ ಆಗುವುದಿಲ್ಲ. ಹೊಸಬರು ತೋರಿಸುವ ಗಲ್ಫ್ ಕತೆಗಳಲ್ಲಿ 'ಮರಳುಗಾಡಿನ ಏಕಾಂತ', 'ತಾಯ್ನೆಲದ ಸೆಳೆತ' ಎಂಬ ಮಾತುಗಳು ಸಿಗುತ್ತವೆ. ಮುಸಫ್ಫಾದ ಕ್ಯಾಂಪಿನ ಬಾಗಿಲ ಮುಂದೆ ಬಿಟ್ಟ ಸೇಫ್ಟಿ ಶೂಗಳ ಸಾಲು, ಎಕ್ಸ್‌ಚೇಂಜಿನ ಕ್ಯೂನಲ್ಲಿ ರೂಪಾಯಿಯ ದರ ನೋಡಿ ನಾಳೆ ಕಳಿಸೋಣವೆಂದು ವಾಪಸು ತಿರುಗುವವನು ಸಿಗುವುದಿಲ್ಲ. ಕಾಳಿದಾಸ 'ಜಿಂಕೆ ಬಹಳ ಹೆದರಿತ್ತು' ಎಂದು ಬರೆದಿದ್ದರೆ ಅಭಿನವಗುಪ್ತನಿಗೆ ಉದಾಹರಣೆಯೇ ದಕ್ಕುತ್ತಿರಲಿಲ್ಲ. ಅರ್ಧ ಅಗಿದ ದರ್ಭೆಯೇ ಆ ಭಯವನ್ನು ಒಂದು ಜಿಂಕೆಯಿಂದ ಬಿಡಿಸಿ ನಮ್ಮೆಲ್ಲರ ಕಡೆ ತಂದದ್ದು.

ಹೀಗೆ ಓದಬಲ್ಲವನನ್ನು ನಮ್ಮ ಮೀಮಾಂಸಕರು ಸಹೃದಯ ಎಂದರು. ಕಾವ್ಯವನ್ನು ಓದಿ ಓದಿ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿದೆಯೋ, ವರ್ಣಿಸಿದ್ದರಲ್ಲಿ ಒಂದಾಗುವ ಶಕ್ತಿ ಯಾರಿಗಿದೆಯೋ ಅವನು ಎಂಬುದು ಅಭಿನವಗುಪ್ತನ ವಿವರಣೆಯ ಸಾರ. ಇದು ಬಿಡುವಿದ್ದವರ, ಓದಿಕೊಂಡವರ ಸ್ವತ್ತಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಅಷ್ಟು ವರ್ಷ ಕನ್ನಡಿಯನ್ನು ಉಜ್ಜಲು ಅರಿವೆಯನ್ನೇ ಕೊಡದೆ ಇದ್ದ ಸಮಾಜ ಅದು. ಆದರೆ ಭಾವಗಳ ಸಂಸ್ಕಾರ ಎಲ್ಲರ ಚಿತ್ತದಲ್ಲೂ ಮೊದಲೇ ಇದೆ ಎಂದೂ ಅದೇ ಶಾಸ್ತ್ರ ಹೇಳುತ್ತದೆ. ಅಭ್ಯಾಸಕ್ಕೆ ಅವಕಾಶ ಸಿಕ್ಕಿದ ಮೇಲೆ ಆಕೆ 'ಚಂದ್ರಗಿರಿಯ ತೀರದಲ್ಲಿ' ಬರೆದರು. ಆ ಹೊಳೆಯನ್ನೇ ನೋಡದವರೂ ಅದರ ನಾಯಕಿ ನಾದಿರಾಳಿಗಾಗಿ ಎದೆ ಹಿಡಿದುಕೊಂಡರು. ಅಕ್ಷರ ಬಾರದೆಯೂ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ವೇಷಧಾರಿಯ ಒಂದು ಮಾತಿನ ಏರಿಳಿತ ಹಿಡಿಯಬಲ್ಲವರನ್ನು ಕರಾವಳಿಯಲ್ಲಿ ಬೆಳೆದ ಎಲ್ಲರೂ ಕಂಡಿರುತ್ತಾರೆ. ಓದಿನ ಅಭ್ಯಾಸಕ್ಕೆ ಪದವಿ ಬೇಕಿಲ್ಲ, ಮತ್ತೆಮತ್ತೆ ಒಡ್ಡಿಕೊಳ್ಳುವುದು ಬೇಕು.

ಈಗ ಇಬ್ನ್ ಸೀನಾನ ಕಡೆ ಬರುತ್ತೇನೆ, ಏಕೆಂದರೆ ಅವನು (980–1037) ಮತ್ತು ಅಭಿನವಗುಪ್ತ ಒಂದೇ ಕಾಲದವರು. ಒಬ್ಬ ಭರತನಿಗೆ ವ್ಯಾಖ್ಯಾನ ಬರೆದ, ಇನ್ನೊಬ್ಬ ಅರಿಸ್ಟಾಟಲನ ಕಾವ್ಯಮೀಮಾಂಸೆಗೆ. ಇಬ್ನ್ ಸೀನಾನೊಂದಿಗೆ ಪತ್ರವ್ಯವಹಾರ ನಡೆಸಿದ ಅಲ್-ಬಿರೂನಿ ಭಾರತಕ್ಕೆ ಬಂದವನು. ಹಿಂದೂಗಳ ವಿದ್ಯೆಗಳು ನಮ್ಮ ಕೈಗೆಟುಕದ ಕಾಶ್ಮೀರ, ಬನಾರಸದ ಕಡೆ ಸರಿದುಹೋಗಿವೆ ಎಂದು ಬರೆದಿಟ್ಟ. ಆ ಕೈ ಇನ್ನಷ್ಟು ನೀಳವಾಗಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇಬ್ನ್ ಸೀನಾನ ಪ್ರಕಾರ ಮಾತಿಗೆ ಮನಸ್ಸು ಎರಡು ರೀತಿ ಮಣಿಯುತ್ತದೆ. ಹೇಳಿದ್ದು ನಿಜವೆಂದು ಒಪ್ಪಿ ಮಣಿಯುವುದು ತಸ್ದೀಕ್; ಮಾತಿನ ಸೊಗಸಿಗೇ, ಅದು ಹುಟ್ಟಿಸುವ ಬೆರಗಿಗೇ ಮಣಿಯುವುದು ತಖ್ಯೀಲ್. ಜೇನನ್ನು ವಾಂತಿಯೆಂದು ಬಣ್ಣಿಸಿದರೆ ಸುಳ್ಳೆಂದು ಗೊತ್ತಿದ್ದೂ ನಾಲಗೆ ಹಿಂದೆ ಸರಿಯುತ್ತದೆ. ಕತೆ ಎಷ್ಟು ನಿಜ ಎಂಬ ಪ್ರಶ್ನೆಯನ್ನು ಇವನೂ ಪಕ್ಕಕ್ಕಿಟ್ಟ.

ಇಬ್ಬರೂ ಬೇರೆಯಾಗುವುದು ಆಮೇಲೆ. ಅಭಿನವಗುಪ್ತನಿಗೆ ಓದಿನ ಕೊನೆ ವಿಶ್ರಾಂತಿ. ಚಿತ್ತ ಏನನ್ನೂ ಬಯಸದೆ ತನ್ನಲ್ಲೇ ನೆಲೆಸುವುದು. ಇಬ್ನ್ ಸೀನಾನ ತಖ್ಯೀಲ್ ಮನಸ್ಸನ್ನು ನೂಕುತ್ತದೆ, ಒಂದರ ಹತ್ತಿರಕ್ಕೆ ಅಥವಾ ಒಂದರಿಂದ ದೂರಕ್ಕೆ. ಬರೆಯುವಾಗ ನಾನು ಅಭಿನವಗುಪ್ತನ ಪಕ್ಷ. ಓದುಗನನ್ನು ಎತ್ತಲೋ ನೂಕಬೇಕೆಂದು ಕೂತರೆ ಕತೆ ಭಾಷಣವಾಗುತ್ತದೆ. ಪುಸ್ತಕ ಆರಿಸಿಕೊಡುವಾಗ ಮಾತ್ರ ಇಬ್ನ್ ಸೀನಾನನ್ನೂ ಜೊತೆಗೆ ಕರೆದುಕೊಳ್ಳುತ್ತೇನೆ. ಊರಿನದು ಕೇಳಿದವರಿಗೆ ಊರಿನದೊಂದು ಕೊಟ್ಟು, ಅದರ ಜೊತೆಗೆ ಅವರು ಬೇಡವೆನ್ನಬಹುದಾದ, ಅವರ ಕಡೆಯದಲ್ಲದ ಇನ್ನೊಂದನ್ನು ಸೇರಿಸುತ್ತೇನೆ. ಬುಖಾರಾದ ಆ ದಲ್ಲಾಳಿಯಂತೆ ಸ್ವಲ್ಪ ಒತ್ತಾಯವನ್ನೂ ಮಾಡುತ್ತೇನೆ.