ಚಿನ್ನದ ಗಣಿಗೆ ಹೋದ ಕರೆಂಟು

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾದಾಗ ಅದು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. 147 ಕಿಲೋಮೀಟರ್ ತಂತಿ ಎಳೆದಿದ್ದರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಆ ಸಾಹಸವನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಆದರೆ ಆ ತಂತಿ ಹೋದ ದಿಕ್ಕನ್ನು ಇವತ್ತು ಮತ್ತೆ ನೋಡಬೇಕಾಗಿದೆ.

ಈಗ ಎಲ್ಲ ಕಡೆ ಕೇಳಿಬರುವ ವಾದವೊಂದಿದೆ: ಬೆಳವಣಿಗೆಯಲ್ಲಿ ದೋಷವಿಲ್ಲ, ದೋಷವಿರುವುದು ಕಲ್ಲಿದ್ದಲಿನ ಹೊಗೆಯಲ್ಲಿ. ಬಿಸಿಲು, ಗಾಳಿ, ನೀರಿನಿಂದ ವಿದ್ಯುತ್ ತೆಗೆದರೆ ಆರ್ಥಿಕತೆಯೂ ಬೆಳೆಯುತ್ತದೆ, ಪರಿಸರವೂ ಉಳಿಯುತ್ತದೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪರೀಕ್ಷಿಸಲು ಕೋಲಾರದ ಆ ಗಣಿ ಊರು ಕೆಜಿಎಫ್‌ನಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ಹೊಗೆಯಿಲ್ಲದ ನೀರಿನ ವಿದ್ಯುತ್ತು ಅದಕ್ಕೆ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಸಿಕ್ಕಿತ್ತು.

ಆ ವಿದ್ಯುತ್ತು ಏನು ಮಾಡಿತು? ಅದಕ್ಕೂ ಮೊದಲು ಸೌದೆ, ಕಲ್ಲಿದ್ದಲು ಉರಿಸಿ ಉಗಿಯಂತ್ರ ಓಡಿಸುತ್ತಿದ್ದರು. ಅಗ್ಗದ ಕರೆಂಟು ಬಂದ ಮೇಲೆ ಇನ್ನೂ ಆಳಕ್ಕೆ ಇಳಿಯುವುದು ಲಾಭದ ಕೆಲಸವಾಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಲ್ಲಿ ಬಂಡೆಯೇ ಮೈ ಸುಡುವಷ್ಟು ಬಿಸಿ. ಮೇಲಿಂದ ತಂಪು ಗಾಳಿ ಕಳಿಸಬೇಕು, ಕೆಳಗಿನ ನೀರನ್ನು ಪಂಪು ಮಾಡಬೇಕು, ಜನರನ್ನೂ ಅದಿರನ್ನೂ ಅಷ್ಟು ಎತ್ತರ ಎತ್ತಬೇಕು. ಇಷ್ಟೆಲ್ಲ ಮಾಡಿ ತಂದ ಅದಿರಿನಲ್ಲಿ ಚಿನ್ನ ಮಾತ್ರ ಮೊದಲಿನಷ್ಟಿಲ್ಲ. ಒಂದೊಂದು ಗ್ರಾಂಗೂ ಹಿಂದಿನದಕ್ಕಿಂತ ಹೆಚ್ಚು ಶಕ್ತಿ ಸುರಿಯಬೇಕಾಯಿತು. ಕರೆಂಟು ಮಾರಿದವರಿಗೆ ಆದಾಯ ಬಂತು, ಯಂತ್ರ ಮಾರಿದವರಿಗೂ ಬಂತು. ಅರೆದು ಹೊರಗೆ ಸುರಿದ ಕಲ್ಲಿನ ಪುಡಿಯನ್ನು ಮಾತ್ರ ಯಾವ ಲೆಕ್ಕದಿಂದಲೂ ಯಾರೂ ಕಳೆಯಲಿಲ್ಲ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದರ ಮರ್ಮ ಹಿಡಿದಿದ್ದ. ಜೇಮ್ಸ್ ವಾಟ್‌ನ ಯಂತ್ರ ಅದೇ ಕೆಲಸವನ್ನು ಕಡಿಮೆ ಕಲ್ಲಿದ್ದಲಿನಲ್ಲಿ ಮಾಡಿತು. ಆದರೂ ದೇಶದ ಕಲ್ಲಿದ್ದಲಿನ ಬಳಕೆ ಇಳಿಯದೆ ಏರಿತು. ಉಳಿತಾಯವೇ ಹೊಸ ಬಳಕೆಗೆ ಬಾಗಿಲು ತೆರೆಯಿತು. ಕೋಲಾರದಲ್ಲಿ ಸೈನೈಡ್ ಮಾಡಿದ್ದೂ ಇದನ್ನೇ. 1880ರ ದಶಕದಲ್ಲಿ ಕಂಡುಹಿಡಿದ ಆ ವಿಧಾನದಿಂದ ಮೊದಲು ಕೈಗೆ ಸಿಗದೆ ಹೋಗುತ್ತಿದ್ದ ಚಿನ್ನದ ಕಣವೂ ಸಿಕ್ಕಿತು. ಹಾಗಾಗಿ ಬಡ ಅದಿರನ್ನು ಅರೆಯುವುದೂ ಗಿಟ್ಟತೊಡಗಿತು, ಅರೆಯಬೇಕಾದ ಕಲ್ಲು ಇನ್ನಷ್ಟಾಯಿತು. ಜಾಣತನ ಹೆಚ್ಚಿದ ಹಾಗೆ ಭೂಮಿಯ ಮೇಲಿನ ಹೊರೆಯೂ ಹೆಚ್ಚಬಹುದು ಎಂಬುದನ್ನು ನಮ್ಮ ಯೋಜನೆ ಬರೆಯುವವರು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ.

ಬ್ರಿಟನ್ನಿನ ಉದಾಹರಣೆ ಕೊಟ್ಟು ಇದನ್ನು ಅಲ್ಲಗಳೆಯುವವರಿದ್ದಾರೆ. ಜೆವನ್ಸ್‌ನ ಅದೇ ನಾಡು 2024ರ ಸೆಪ್ಟೆಂಬರಿನಲ್ಲಿ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. 1990ಕ್ಕೆ ಹೋಲಿಸಿದರೆ ಅಲ್ಲಿನ ಆರ್ಥಿಕತೆ ಬಹಳ ಬೆಳೆದಿದೆ, ದೇಶದೊಳಗಿನ ಇಂಗಾಲದ ಹೊರಸೂಸುವಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ಇದು ನಿಜವಾದ ಸಾಧನೆ, ಒಪ್ಪುತ್ತೇನೆ. ಆದರೆ ಅವರು ಬಳಸುವ ಎಷ್ಟೋ ವಸ್ತುಗಳು ಈಗ ಬೇರೆ ದೇಶದ ಕುಲುಮೆಯಲ್ಲಿ ತಯಾರಾಗುತ್ತವೆ, ಆ ಹೊಗೆ ಬೇರೆಯವರ ಲೆಕ್ಕಕ್ಕೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಗಾಲವೊಂದೇ ಪರಿಸರವಲ್ಲ. ನೀರು, ಮಣ್ಣು, ಅಗೆದ ಕಲ್ಲು ಆ ಅಂಕಿಯೊಳಗೆ ಬರುವುದೇ ಇಲ್ಲ.

ಹಾಗೆಂದು ಬೆಳವಣಿಗೆಯೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಭಾರತದಲ್ಲಿ ತಲಾ ವಾರ್ಷಿಕ ವಿದ್ಯುತ್ ಬಳಕೆ ಸುಮಾರು 1,400 ಯೂನಿಟ್. ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಆಸ್ಪತ್ರೆಯ ಫ್ರಿಜ್ಜಿಗೆ, ಹಳ್ಳಿಯ ಹಿಟ್ಟಿನ ಗಿರಣಿಗೆ, ಓದುವ ಹುಡುಗಿಯ ದೀಪಕ್ಕೆ ಇನ್ನೂ ಕರೆಂಟು ಬೇಕು. ತೊಂದರೆ ಏನೆಂದರೆ, ಜಿಡಿಪಿಯ ಕಣ್ಣಿಗೆ ಈ ಬೇಡಿಕೆಯೂ ಗಣಿಯ ಬೇಡಿಕೆಯೂ ಒಂದೇ. ಯಾರು ಹೆಚ್ಚು ಕೊಡಬಲ್ಲರೋ ಅವರತ್ತ ತಂತಿ ಓಡುತ್ತದೆ, 1902ರಲ್ಲಿ ಓಡಿದ ಹಾಗೆ.

ಇವತ್ತಿನ ಶುದ್ಧ ವಿದ್ಯುತ್ತಿನ ಉದಾಹರಣೆಯನ್ನೇ ನೋಡಿ: ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಬರದ ಸೀಮೆಯ ರೈತರಿಗೆ ಜಮೀನಿನ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ವಿದ್ಯುತ್ತು ಶುದ್ಧವಾಗಿದೆ, ಸಂತೋಷ. ಅದು ಯಾವ ಕೆಲಸಕ್ಕೆ, ಎಷ್ಟರವರೆಗೆ ಎಂಬುದನ್ನು ಉತ್ಪಾದನೆಗೆ ಮೊದಲೇ ತೀರ್ಮಾನಿಸುವ ಹಕ್ಕು ಸಮಾಜಕ್ಕೆ ಇರಬೇಕು ಎಂಬುದೇ ನನ್ನ ವಾದ. ಮೂಲವನ್ನು ಬದಲಿಸುವುದು ಎಂಜಿನಿಯರುಗಳ ಕೆಲಸ. ಮಿತಿ ಹಾಕುವುದು ನಾವೆಲ್ಲ ಕೂತು ಮಾಡಬೇಕಾದ ರಾಜಕೀಯ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಹೋಯಿತು. ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿಯ ಸೈನೈಡ್ ಗುಡ್ಡಗಳು; ಬೇಸಿಗೆಯ ಗಾಳಿಗೆ ಅದರ ದೂಳು ಕಾರ್ಮಿಕರ ಲೈನ್ ಮನೆಗಳೊಳಗೆ ಬರುತ್ತದೆ. ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಈಗ ಅದೇ ಗುಡ್ಡಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಗುಡ್ಡಗಳನ್ನು ಹರಾಜು ಹಾಕುವಾಗ ಅದರ ಷರತ್ತಿನಲ್ಲಿ ಚಿನ್ನದ ಪಾಲಿನ ಜೊತೆಗೆ ಬಳಸುವ ನೀರು ಎಷ್ಟು, ಕರೆಂಟು ಎಷ್ಟು, ಕೆಲಸ ಮುಗಿದ ಮೇಲೆ ಪುಡಿಯ ಮೇಲೆ ಮಣ್ಣು ಮುಚ್ಚುವ ಖರ್ಚು ಯಾರದು, ಅದಕ್ಕೆ ಮುಂಗಡ ಠೇವಣಿ ಎಷ್ಟು ಎಂಬುದನ್ನು ಬರೆಸಬೇಕು. ಸಹಿ ಬೀಳುವ ಮೊದಲು ಅದನ್ನು ಕೆಜಿಎಫ್‌ನ ಜನರ ಮುಂದೆ ಓದಿ ಹೇಳಬೇಕು.